ಕೊನೆಯ ಪ್ಯಾರಾದಲ್ಲಿದ್ದ ‘ಆದರೂ’

ಆಫೀಸಿನ ಬರವಣಿಗೆ ಸುಧಾರಿಸಿಕೊಳ್ಳೋಕೆ ಯಾವ ಪುಸ್ತಕ ಓದಲಿ ಅಂತ ಆಗಾಗ ಯಾರಾದರೂ ಕೇಳುತ್ತಿರುತ್ತಾರೆ. ಹೊಸದಾಗಿ ಟೀಮ್ ಲೀಡ್ ಆದವರು, ವಾರಕ್ಕೊಂದು ರಿಪೋರ್ಟ್ ಬರೆದು ಸುಸ್ತಾದವರು, ‘ನಿಮ್ಮ ಈಮೇಲ್ ಸ್ಪಷ್ಟವಾಗಿರೋಲ್ಲ’ ಅಂತ ಅಪ್ರೈಸಲ್‌ನಲ್ಲಿ ಕೇಳಿಸಿಕೊಂಡವರು. ಪುಸ್ತಕಗಳು ಬೇಕಾದಷ್ಟಿವೆ. ಹೋಟೆಲಿನಲ್ಲಿ ನಡೆಯುವ ಎರಡು ದಿನದ ತರಬೇತಿಗಳೂ ಇವೆ, ಊಟ ಚೆನ್ನಾಗಿರುತ್ತೆ. ನಾನು ಮಾತ್ರ ಇಂಥವರಿಗೆ ಐದು ಹಳೆಯ ಮೆಮೊಗಳ ಕಥೆ ಹೇಳುತ್ತೇನೆ. ಐದೂ ಸೇರಿದರೆ ಹತ್ತು ಪುಟ ದಾಟುವುದಿಲ್ಲ. ಬರೆದವರೆಲ್ಲ ಒಂದೇ ಕಂಪನಿಯವರು, ತಮ್ಮ ಕೆಲಸ ಚೆನ್ನಾಗಿ ಬಲ್ಲವರು. ಅಪಾಯ ಏನೆಂದು ಅವರಿಗೆ ಗೊತ್ತಿತ್ತು, ಗೊತ್ತಿದ್ದದ್ದನ್ನು ಬರೆದೂ ಇದ್ದರು. ಹಾಗಿದ್ದೂ ಒಂದು ಅಣು ರಿಯಾಕ್ಟರಿನ ಅರ್ಧದಷ್ಟು ಒಡಲು ಕರಗಿಹೋಯಿತು.

ಕಂಪನಿಯ ಹೆಸರು ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್. ಬಾಯ್ಲರ್ ಮಾಡುತ್ತಾ ಬೆಳೆದ ಹಳೇ ಅಮೆರಿಕನ್ ಕಂಪನಿ, ಆಮೇಲೆ ಅಣು ರಿಯಾಕ್ಟರ್‌ಗಳಿಗೂ ಕೈ ಹಾಕಿತು. ಅದರ ಅಣು ವಿಭಾಗ ವರ್ಜೀನಿಯಾದ ಲಿಂಚ್‌ಬರ್ಗ್ ಊರಿನಲ್ಲಿತ್ತು. ಇವರು ತಯಾರಿಸಿದ ರಿಯಾಕ್ಟರ್‌ಗಳು ಬೇರೆ ಬೇರೆ ರಾಜ್ಯಗಳ ವಿದ್ಯುತ್ ಕಂಪನಿಗಳಲ್ಲಿ ಓಡುತ್ತಿದ್ದವು.

ಮುಂದಿನದು ಅರ್ಥವಾಗಲು ಸ್ವಲ್ಪ ಇಂಜಿನಿಯರಿಂಗ್ ಬೇಕು. ಹೆದರಬೇಡಿ, ಅಡುಗೆಮನೆ ಗೊತ್ತಿದ್ದರೆ ಸಾಕು. ಈ ಥರದ ರಿಯಾಕ್ಟರಿನೊಳಗೆ ನೀರು ಭಾರೀ ಒತ್ತಡದಲ್ಲಿರುತ್ತದೆ, ಹಾಗಾಗಿ ಅಷ್ಟು ಬಿಸಿಯಾದರೂ ಕುದಿಯುವುದಿಲ್ಲ. ಒತ್ತಡ ಮಿತಿ ಮೀರಿದರೆ ಮೇಲಿರುವ ವಾಲ್ವ್ ತೆರೆದುಕೊಂಡು ಆವಿ ಬಿಡುತ್ತದೆ, ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಒತ್ತಡ ಇಳಿದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳಬೇಕು. ಮುಚ್ಚದೆ ಸಿಕ್ಕಿಹಾಕಿಕೊಂಡರೆ? ನೀರು ಸೋರಿಹೋಗುತ್ತದೆ, ಒತ್ತಡ ಇನ್ನೂ ಇಳಿಯುತ್ತದೆ, ಒಳಗೆ ಉಳಿದ ನೀರು ಕುದಿಯಲು ಶುರುವಾಗುತ್ತದೆ. ಹಾಲು ಉಕ್ಕಿದಾಗ ಪಾತ್ರೆ ತುಂಬಿದಂತೆ ಕಾಣುತ್ತದಲ್ಲ, ಇರುವ ಹಾಲು ಮಾತ್ರ ಅಷ್ಟೇ. ಇಲ್ಲಿಯೂ ಹಾಗೇ. ಆವಿಯ ಗುಳ್ಳೆಗಳು ನೀರನ್ನು ಮೇಲಕ್ಕೆ ತಳ್ಳಿ, ಮಟ್ಟ ತೋರಿಸುವ ಮಾಪಕದಲ್ಲಿ ನೀರು ಏರುತ್ತಿರುವಂತೆ ಕಾಣುತ್ತದೆ. ಇಂಥ ಹೊತ್ತಿನಲ್ಲಿ ತುರ್ತು ಪಂಪ್‌ಗಳು ತಾವಾಗಿಯೇ ಶುರುವಾಗಿ ನೀರು ತುಂಬಿಸುತ್ತವೆ. ಆದರೆ ಆಪರೇಟರುಗಳಿಗೆ ಕೊಟ್ಟಿದ್ದ ತರಬೇತಿ ಏನು? ನೀರು ಪೂರ್ತಿ ತುಂಬಲು ಯಾವ ಕಾರಣಕ್ಕೂ ಬಿಡಬೇಡಿ, ಆವಿಗೆ ಜಾಗ ಇಲ್ಲದಿದ್ದರೆ ಒತ್ತಡ ಕೈಮೀರುತ್ತದೆ ಅಂತ. ಮಾಪಕ ಏರಿತು, ಪಂಪ್ ನಿಲ್ಲಿಸು. ಬೇಕಾದ್ದು ಇದರ ವಿರುದ್ಧ.

1977ರ ಸೆಪ್ಟೆಂಬರ್ 24ರಂದು ಒಹಾಯೊ ರಾಜ್ಯದ ಡೇವಿಸ್-ಬೆಸ್ಸಿ ಸ್ಥಾವರದಲ್ಲಿ ನಿಜವಾಗಿಯೂ ಹೀಗಾಯಿತು. ವಾಲ್ವ್ ತೆರೆದೇ ಉಳಿಯಿತು, ಆಪರೇಟರುಗಳು ಪಂಪ್ ನಿಲ್ಲಿಸಿದರು. ಸುಮಾರು 20 ನಿಮಿಷದ ನಂತರ ಯಾರಿಗೋ ಹೊಳೆದು ಇನ್ನೊಂದು ವಾಲ್ವ್ ಮುಚ್ಚಿ ಸೋರಿಕೆ ನಿಲ್ಲಿಸಿದರು. ಆ ದಿನ ರಿಯಾಕ್ಟರ್ ಶೇ. 9ರಷ್ಟು ಶಕ್ತಿಯಲ್ಲಿ ಮಾತ್ರ ಓಡುತ್ತಿತ್ತು. ರಿಯಾಕ್ಟರಿನ ಒಡಲಿಗೆ ಏನೂ ಆಗಲಿಲ್ಲ.

ಇದನ್ನು ನೋಡಿಬರಲು ಲಿಂಚ್‌ಬರ್ಗ್‌ನಿಂದ ಹೋದವರು ಜೋಸೆಫ್ ಕೆಲ್ಲಿ ಎಂಬ ಇಂಜಿನಿಯರ್. ಅವರಿಗೆ ಆಪರೇಟರುಗಳು ಮಾಡಿದ್ದು ಅಪಾಯಕಾರಿ ಅನ್ನಿಸಿತು. ನವೆಂಬರ್ 1ರಂದು ಮೆಮೊ ಬರೆದರು, ಏಳು ಜನರಿಗೆ. ಮೊದಲ ವಾಕ್ಯದಲ್ಲೇ ‘ಬಹುಶಃ’ ಬರುತ್ತದೆ: ಬಹುಶಃ ನಾವು ಗ್ರಾಹಕರಿಗೆ ಈ ಪಂಪ್‌ಗಳ ಬಗ್ಗೆ ಸಾಕಷ್ಟು ಮಾರ್ಗದರ್ಶನ ಕೊಡುತ್ತಿಲ್ಲವೇನೋ. ಆಮೇಲೆ ನಡೆದ ಘಟನೆಯ ವಿವರ. ಏನಾದರೂ ಸೂಚನೆ ಕೊಡಬೇಕಾದರೆ ಯಾವ ಸೂಚನೆ ಕೊಡಬೇಕು ಅಂತ ಒಂದು ಯೋಚನೆ. ಕಡೆಗೆ, ನಿಮ್ಮ ಅಭಿಪ್ರಾಯ ತಿಳಿಸಿದರೆ ಸಂತೋಷ. ಪಂಪ್ ಬೇಗ ನಿಲ್ಲಿಸಿದರೆ ರಿಯಾಕ್ಟರಿಗೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಬಿಚ್ಚಿ ಹೇಳಿಲ್ಲ.

ಅಮೆರಿಕದಲ್ಲಿ ತಾಂತ್ರಿಕ ಬರವಣಿಗೆ ಕಲಿಸುವವರು ಈ ಮೆಮೊವನ್ನು ತರಗತಿಯಲ್ಲಿ ಇಟ್ಟುಕೊಂಡು ಕೆಲ್ಲಿಯ ಹಿಂಜರಿಕೆಯನ್ನು ಎತ್ತಿ ತೋರಿಸುತ್ತಾರೆ. ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಏಳು ಜನ ದೊಡ್ಡವರಿಗೆ ಬರೆಯುವ ಒಬ್ಬ ಇಂಜಿನಿಯರ್ ಇನ್ನು ಹೇಗೆ ಬರೆದಾನು? ನಾವೂ ಹಾಗೇ ಬರೆಯುತ್ತೇವೆ. ‘ಜಸ್ಟ್ ವಂಡರಿಂಗ್’, ‘ತಪ್ಪಿದ್ದರೆ ತಿದ್ದಿ’, ‘ನನ್ನದೊಂದು ಸಣ್ಣ ಅನುಮಾನ’. ದೊಡ್ಡವರ ಮುಂದೆ ದನಿ ತಗ್ಗಿಸುವುದು ನಮ್ಮಲ್ಲಿ ಮನೆಯಲ್ಲೇ ಕಲಿತು ಬರುವ ವಿದ್ಯೆ. ಕೆಲ್ಲಿಯ ಮೆಮೊದಲ್ಲಿ ನನಗೆ ತಪ್ಪು ಅಂತ ಕಾಣುವುದು ವಿನಯ ಅಲ್ಲ, ಆ ಏಳು ಹೆಸರು. ಹತ್ತು ಜನ ಸೇರಿದಲ್ಲಿ ಹಾವು ಸಾಯೋಲ್ಲ ಅಂತಾರಲ್ಲ, ಏಳು ಜನ ಸೇರಿದಲ್ಲೂ ಸಾಯಲಿಲ್ಲ. ಉತ್ತರ ಬಂದದ್ದು ಒಂದೇ, ನವೆಂಬರ್ 10ರಂದು, ಗ್ರಾಹಕರ ಸೇವೆ ನೋಡಿಕೊಳ್ಳುವ ವಿಭಾಗದ ಫ್ರಾಂಕ್ ವಾಲ್ಟರ್ಸ್ ಅವರಿಂದ. ಆಪರೇಟರುಗಳು ತಮಗೆ ಕೊಟ್ಟ ತರಬೇತಿಗೆ ತಕ್ಕಂತೆ ಸರಿಯಾಗಿಯೇ ನಡೆದುಕೊಂಡಿದ್ದಾರೆ ಅನ್ನುವುದು ಅದರ ಸಾರ. ಕೆಲ್ಲಿಗೆ ಬೇಕಿದ್ದದ್ದು ತರಬೇತಿ ಸರಿಯಿದೆಯಾ ಅನ್ನುವ ಪ್ರಶ್ನೆಗೆ ಉತ್ತರ. ಬಂದದ್ದು ತರಬೇತಿಯಂತೆ ನಡೆದಿದ್ದಾರೆ ಅನ್ನುವ ಉತ್ತರ.

ಕೆಲ್ಲಿಯ ಮಾತು ಕೇಳಿ ತಲೆಕೆಡಿಸಿಕೊಂಡ ಇನ್ನೊಬ್ಬರಿದ್ದರು, ಬರ್ಟ್ ಡನ್. ರಿಯಾಕ್ಟರಿನ ತುರ್ತು ನೀರಿನ ವ್ಯವಸ್ಥೆಯನ್ನು ಲೆಕ್ಕಹಾಕಿ ನೋಡುವ ಗುಂಪಿನ ಮ್ಯಾನೇಜರ್. 1978ರ ಫೆಬ್ರವರಿ 9ರಂದು ಅವರು ಬರೆದದ್ದು ‘ಬಹುಶಃ’ದಿಂದ ಶುರುವಾಗುವುದಿಲ್ಲ. ಇದು ಗಂಭೀರ ವಿಷಯ ಅಂತಲೇ ಶುರು. ಡೇವಿಸ್-ಬೆಸ್ಸಿ ಆ ದಿನ ಪೂರ್ತಿ ಶಕ್ತಿಯಲ್ಲಿ ಓಡುತ್ತಿದ್ದಿದ್ದರೆ ಇಂಧನ ನೀರಿನಿಂದ ಹೊರಬಂದು ಹಾಳಾಗುವ ಸಂಭವವಿತ್ತು, ಆಪರೇಟರುಗಳಿಗೆ ಹೊಸ ಸೂಚನೆ ಕೊಡಬೇಕು, ಬೇಗ ಕೊಡಬೇಕು. ಒಂದು ವಾರದ ನಂತರ, ಫೆಬ್ರವರಿ 16ಕ್ಕೆ, ಇನ್ನೊಂದು ಮೆಮೊ. ಗ್ರಾಹಕ ಸೇವಾ ವಿಭಾಗದವರ ಜೊತೆ ಮಾತಾಡಿ ಸೂಚನೆಯಲ್ಲಿ ಒಂದು ತಿದ್ದುಪಡಿ. ಅಲ್ಲಿಗೆ ವಿಷಯ ಇತ್ಯರ್ಥವಾಯಿತು ಅಂದುಕೊಂಡರು ಡನ್. ಇತ್ಯರ್ಥವಾಗಿರಲಿಲ್ಲ. ಸ್ಥಾವರಗಳಿಗೆ ಸೂಚನೆ ಕಳಿಸಬೇಕಾದ ಸೇವಾ ವಿಭಾಗದಲ್ಲಿ ಅದು ಆರು ತಿಂಗಳು ಹಾಗೇ ಕೂತಿತ್ತು.

ಈಗ ಐದನೆಯ ಮೆಮೊ. ನನಗೆ ಇತಿಹಾಸದಲ್ಲೇ ತುಂಬ ಬೇಸರ ತರಿಸುವ ಕಾಗದಗಳಲ್ಲಿ ಇದೂ ಒಂದು. 1978ರ ಆಗಸ್ಟ್ 3. ಬರೆದವರು ಸೇವಾ ವಿಭಾಗದ ಮ್ಯಾನೇಜರ್ ಡಾನ್ ಹಾಲ್‌ಮನ್. ಕಳಿಸಿದ್ದು ಇನ್ನೊಂದು ವಿಭಾಗದ ಮ್ಯಾನೇಜರಿಗೆ. ಶುರುವಾಗುವುದೇ ಹೀಗೆ: ಉಲ್ಲೇಖ 1 ಮತ್ತು 2, ಪಂಪ್ ಬಳಕೆಯ ಬಗ್ಗೆ ನಮ್ಮ ಕಂಪನಿಯ ಧೋರಣೆಯಲ್ಲಿ ಒಂದು ಬದಲಾವಣೆ ಸೂಚಿಸುತ್ತವೆ. ಆ ಉಲ್ಲೇಖಗಳು ಡನ್ ಬರೆದ ಎರಡು ಮೆಮೊಗಳು. ಧೋರಣೆಯ ಬದಲಾವಣೆ! ಇಷ್ಟು ಓದಿದವರಿಗೆ ಇದು ಯಾವುದೋ ಪಾಲಿಸಿಯ ವಿಷಯ, ನಾಳೆ ನೋಡಿದರಾಯಿತು ಅನ್ನಿಸುವುದು ಸಹಜ. ಆಮೇಲೆ ಸೇವಾ ವಿಭಾಗದ ಆಕ್ಷೇಪಣೆ ಬರುತ್ತದೆ. ಹೀಗೆ ಮಾಡಿದರೆ ನೀರು ಪೂರ್ತಿ ತುಂಬಿಬಿಡಬಹುದು, ವಾಲ್ವ್‌ಗಳ ಮೂಲಕ ನೀರು ನುಗ್ಗಬಹುದು, ಪೈಪುಗಳಿಗೆ ಏನಾಗುತ್ತದೆ ಎಂದು ಪರಿಶೀಲಿಸಬೇಕು. ಅದಾದ ಮೇಲೆ, ಈ ಪ್ರಶ್ನೆಗಳು ಬಗೆಹರಿಯದ ಕಾರಣ ನಾವು ಇದುವರೆಗೆ ಸ್ಥಾವರಗಳಿಗೆ ಏನೂ ತಿಳಿಸಿಲ್ಲ ಅನ್ನುವ ಮಾತು. ಇಷ್ಟೆಲ್ಲ ಆಗಿ, ಮೆಮೊ ಮುಗಿಯಲು ಎರಡು ಮೂರು ವಾಕ್ಯ ಇದೆ ಅನ್ನುವಾಗ, ಒಂದು ‘ಆದರೂ’. ಆದರೂ, ಈಗಿನ ಪದ್ಧತಿಯೇ ಮುಂದುವರಿದರೆ ಇಂಧನ ನೀರಿನಿಂದ ಹೊರಬರುವ ಸಾಧ್ಯತೆ ಇದೆ ಎಂದು ಆ ಉಲ್ಲೇಖಗಳು ಸೂಚಿಸುತ್ತವೆ. ನಂತರ ವಿನಂತಿ: ಈ ಪಂಪ್ ಹೇಗೆ ಬಳಸಬೇಕೆಂದು ನಿಮ್ಮ ವಿಭಾಗ ತೀರ್ಮಾನಿಸಲಿ, ಬೇಕಾದರೆ ಸಹಾಯಕ್ಕೆ ನಾವಿದ್ದೇವೆ.

ಎರಡು ಅಪಾಯಗಳನ್ನು ತಕ್ಕಡಿಗೆ ಹಾಕಿ ನೋಡಿ. ಒಂದು ಕಡೆ ಪೈಪು, ವಾಲ್ವು. ಇನ್ನೊಂದು ಕಡೆ ರಿಯಾಕ್ಟರಿನ ಒಡಲು. ಮೊದಲನೆಯದಕ್ಕೆ ಸಾಲುಸಾಲು ವಿವರ, ಎರಡನೆಯದಕ್ಕೆ ಒಂದು ವಾಕ್ಯ. ಅದೂ ಉಲ್ಲೇಖಗಳ ಬಾಯಲ್ಲಿ.

ನಾನಾಗಿದ್ದರೆ ಇದನ್ನು ಹೀಗೆ ಶುರು ಮಾಡಲು ಹೇಳುತ್ತಿದ್ದೆ: ‘ಹತ್ತು ದಿನದೊಳಗೆ ನಿಮ್ಮ ತೀರ್ಮಾನ ಬೇಕು. ಈಗಿನ ಪದ್ಧತಿಯಂತೆ ಆಪರೇಟರುಗಳು ತುರ್ತು ಪಂಪ್ ಬೇಗ ನಿಲ್ಲಿಸಿದರೆ ಇಂಧನ ನೀರಿನಿಂದ ಹೊರಬಂದು ಹಾಳಾಗಬಹುದು ಎಂದು ಡನ್ ಫೆಬ್ರವರಿಯಲ್ಲೇ ಹೇಳಿದ್ದಾರೆ. ಸ್ಥಾವರಗಳಿಗೆ ನಾವು ಇನ್ನೂ ತಿಳಿಸಿಲ್ಲ. ಯಾಕೆಂದರೆ ಅವರ ಸಲಹೆಯ ಬಗ್ಗೆ ನಮಗೆ ಕೆಲವು ಅನುಮಾನಗಳಿವೆ, ಕೆಳಗೆ ಬರೆದಿದ್ದೇವೆ.’ ಗಡುವೊಂದನ್ನು ಬಿಟ್ಟರೆ ಇದರಲ್ಲಿ ಹೊಸದೇನೂ ಇಲ್ಲ. ಎಲ್ಲವೂ ಆಗಲೇ ಕಂಪನಿಯ ಕಾಗದಗಳಲ್ಲಿ ಇದ್ದದ್ದೇ, ಜಾಗ ಮಾತ್ರ ಬೇರೆ. ಹಾಗಂತ ಹಾಲ್‌ಮನ್ ಉದಾಸೀನದ ಮನುಷ್ಯ ಅನ್ನಬೇಡಿ. ಆರು ತಿಂಗಳು ಬಿದ್ದಿದ್ದ ವಿಷಯವನ್ನು ಎತ್ತಿದವರೇ ಅವರು. ಅವರು ತಮ್ಮ ವಿಭಾಗದ ಕುರ್ಚಿಯಲ್ಲಿ ಕೂತು, ತಮ್ಮ ವಿಭಾಗದ ಯೋಚನೆ ಯಾವ ಕ್ರಮದಲ್ಲಿ ಸಾಗಿತೋ ಅದೇ ಕ್ರಮದಲ್ಲಿ ಬರೆದರು. ಓದುವವನ ಮೇಜಿನ ಮೇಲೆ ಆ ದಿನ ಇನ್ನೆಷ್ಟು ಕಾಗದ ಬಿದ್ದಿರುತ್ತವೆ ಅನ್ನುವ ಲೆಕ್ಕ ಅದರಲ್ಲಿರಲಿಲ್ಲ. ಮೆಮೊ ತಲುಪಿದ ಮ್ಯಾನೇಜರ್ ಇದು ಮಾಮೂಲಿ ವಿಷಯ ಅಂದುಕೊಂಡು ಕೆಳಗಿನವರಿಗೆ ದಾಟಿಸಿದರು. ಸ್ಥಾವರಗಳಿಗೆ ಸೂಚನೆ ಹೋಗಲೇ ಇಲ್ಲ.

1979ರ ಮಾರ್ಚ್ 28, ಬೆಳಗಿನ ಜಾವ 4 ಗಂಟೆ. ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ನದಿಯ ನಡುಗಡ್ಡೆಯಲ್ಲಿರುವ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದ ಎರಡನೇ ಘಟಕ ಶೇ. 97ರಷ್ಟು ಶಕ್ತಿಯಲ್ಲಿ ಓಡುತ್ತಿತ್ತು. ನೀರು ಒದಗಿಸುವ ಪಂಪ್‌ಗಳು ನಿಂತವು, ಒತ್ತಡ ಏರಿತು, ವಾಲ್ವ್ ತೆರೆದುಕೊಂಡಿತು. ಮತ್ತೆ ಮುಚ್ಚಲಿಲ್ಲ. ಎರಡು ನಿಮಿಷದಲ್ಲಿ ತುರ್ತು ಪಂಪ್‌ಗಳು ತಾವಾಗಿ ಶುರುವಾದವು. ಮಾಪಕ ಏರಿತು. ಐದು ನಿಮಿಷ ಆಗುವುದರೊಳಗೆ ಆಪರೇಟರುಗಳು, ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆಯೇ, ಒಂದು ಪಂಪ್ ನಿಲ್ಲಿಸಿ ಇನ್ನೊಂದರ ಹರಿವನ್ನು ತಗ್ಗಿಸಿಬಿಟ್ಟರು. ವಾಲ್ವ್ ತೆರೆದೇ ಇದೆ ಎಂದು ಹೊಳೆದು ಅದರ ಹಿಂದಿನ ಇನ್ನೊಂದು ವಾಲ್ವ್ ಮುಚ್ಚುವ ಹೊತ್ತಿಗೆ ಎರಡು ಗಂಟೆ 20 ನಿಮಿಷ ದಾಟಿತ್ತು.

ಅಷ್ಟು ಹೊತ್ತು ಅವರಿಗೆ ಗೊತ್ತಾಗಲಿಲ್ಲ ಯಾಕೆ ಅಂದರೆ, ಕಂಟ್ರೋಲ್ ರೂಮಿನ ದೀಪ ವಾಲ್ವ್ ಮುಚ್ಚಿದೆಯೋ ಇಲ್ಲವೋ ಅಂತ ಹೇಳುತ್ತಿರಲಿಲ್ಲ. ಮುಚ್ಚಿಕೋ ಎನ್ನುವ ಆಜ್ಞೆ ಹೋಗಿದೆ ಅಂತಷ್ಟೇ ಹೇಳುತ್ತಿತ್ತು. ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಆಫೀಸುಗಳ ಆ ಅಮರ ವಾಕ್ಯ ನೆನಪಾಗುತ್ತದೆ: ‘ಮೇಲ್ ಕಳಿಸಿದ್ದೀನಲ್ಲ!’ ಡನ್ ಕೂಡ ಒಂದು ವರ್ಷ ಅದೇ ನಂಬಿಕೆಯಲ್ಲಿದ್ದರು.

ಮುಂದಿನದು ನಿಮಗೆ ಗೊತ್ತಿರಬಹುದು. ಐದು ಮೈಲಿಯೊಳಗಿನ ಗರ್ಭಿಣಿಯರು, ಚಿಕ್ಕ ಮಕ್ಕಳು ಊರು ಬಿಡುವುದು ಒಳ್ಳೆಯದು ಎಂದು ಗವರ್ನರ್ ಸಲಹೆ ಕೊಟ್ಟರು. ಲಕ್ಷಕ್ಕೂ ಹೆಚ್ಚು ಜನ ಗಾಡಿ ಹತ್ತಿದರು. ಹೊರಬಿದ್ದ ವಿಕಿರಣ ಕಡಿಮೆಯೇ ಇತ್ತು. ಸ್ವಚ್ಛ ಮಾಡುವ ಕೆಲಸ 1993ರವರೆಗೆ ನಡೆಯಿತು, ಸುಮಾರು 100 ಕೋಟಿ ಡಾಲರ್ ಖರ್ಚಾಯಿತು.

ತನಿಖೆಗೆ ಅಧ್ಯಕ್ಷ ಕಾರ್ಟರ್ ನೇಮಿಸಿದ ಆಯೋಗದ ಮುಖ್ಯಸ್ಥರು ಜಾನ್ ಕೆಮೆನಿ. ಸಾಫ್ಟ್‌ವೇರಿನವರಿಗೆ ಈ ಹೆಸರು ಗೊತ್ತಿರಬೇಕು, ಥಾಮಸ್ ಕರ್ಟ್ಜ್ ಜೊತೆ ಸೇರಿ 1964ರಲ್ಲಿ ಬೇಸಿಕ್ ಭಾಷೆ ರೂಪಿಸಿದ ಗಣಿತಜ್ಞ. ಕಂಪ್ಯೂಟರಿಗೆ ಯಾರು ಬೇಕಾದರೂ ಅರ್ಥವಾಗುವ ಮಾತಿನಲ್ಲಿ ಆಜ್ಞೆ ಕೊಡುವಂತಾಗಲಿ ಎಂದು ಶ್ರಮಪಟ್ಟ ಮನುಷ್ಯನ ಮುಂದೆ, ಇಂಜಿನಿಯರುಗಳು ಇನ್ನೊಬ್ಬ ಇಂಜಿನಿಯರಿಗೆ ಹೇಳಲಾಗದೆ ಹೋದ ಮಾತಿನ ಕಾಗದಗಳು ಬಂದು ಬಿದ್ದವು. ಯಂತ್ರ ಕೆಟ್ಟಿದ್ದಕ್ಕಿಂತ ಮನುಷ್ಯರು, ಸಂಸ್ಥೆಗಳು ನಡೆದುಕೊಂಡ ರೀತಿಯೇ ಮೂಲ ಸಮಸ್ಯೆ ಎಂದು ಆಯೋಗ ಅದೇ ವರ್ಷದ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ಡನ್ ಬರೆದದ್ದು ಅಪಘಾತಕ್ಕೆ 13 ತಿಂಗಳ ಮುಂಚೆ ಅನ್ನುವುದು ಆಗ ಎಲ್ಲರಿಗೂ ಗೊತ್ತಾಯಿತು.

‘ಉಲ್ಲೇಖ 1 ಮತ್ತು 2’ ಓದಿದಾಗ ನಿಮಗೂ ಏನೋ ಪರಿಚಿತ ಅನ್ನಿಸಿರಬೇಕು. ನಮ್ಮ ಸರ್ಕಾರಿ ಪತ್ರ ಹಾಗೇ ಅಲ್ವಾ? ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ (1)ರ ಪತ್ರದಲ್ಲಿ ತಿಳಿಸಿರುವಂತೆ’ ಅಂತ ಹೊರಟು, ಉಸಿರು ಕಟ್ಟುವಷ್ಟು ದೂರ ಹೋಗಿ, ‘ಅಗತ್ಯ ಕ್ರಮ ಕೈಗೊಳ್ಳುವಂತೆ ಕೋರಲಾಗಿದೆ’ ಎಂದು ನಿಲ್ಲುತ್ತದೆ. ಕೋರಿದವರು ಯಾರು, ಕ್ರಮ ಯಾವುದು, ಯಾವಾಗ ಅನ್ನುವುದು ದೇವರಿಗೇ ಗೊತ್ತು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾದಷ್ಟೂ ಏನು ಮಾಡಬೇಕು ಅನ್ನುವ ಮಾತು ದೂರ ಹೋಗುತ್ತದೆ. ಹಾಗಾಗಿ ಕನ್ನಡದಲ್ಲಿ ಕೆಲಸದ ಕಾಗದ ಬರೆಯುವವರು ವಾಕ್ಯವನ್ನು ಚಿಕ್ಕದಾಗಿಡಲೇಬೇಕು, ಬೇರೆ ದಾರಿ ಇಲ್ಲ. ಇಂಗ್ಲಿಷಿಗೆ ಈ ತೊಡಕಿಲ್ಲ. ಲಿಂಚ್‌ಬರ್ಗ್‌ನವರು ಬರೆದದ್ದು ಇಂಗ್ಲಿಷಿನಲ್ಲೇ, ಹಾಗಾಗಿ ಬರೀ ಭಾಷೆಯನ್ನು ದೂರಿ ಉಪಯೋಗವಿಲ್ಲ.

ಸ್ಪಷ್ಟವಾಗಿ ಬರೆದರೆ ಎಲ್ಲ ಸರಿಹೋಗುತ್ತದೆ ಅಂತಲೂ ನಾನು ಹೇಳಲಾರೆ. ಚಾಲೆಂಜರ್ ನೌಕೆಯ ರಾಕೆಟ್ ತಯಾರಿಸಿದ ಮಾರ್ಟನ್ ಥಯೊಕಾಲ್ ಕಂಪನಿಯ ಇಂಜಿನಿಯರ್ ರೋಜರ್ ಬೋಯ್‌ಜೊಲಿ 1985ರ ಜುಲೈ 31ರಂದು ಬರೆದ ಮೆಮೊದಲ್ಲಿ ಯಾವ ಮುಸುಕೂ ಇಲ್ಲ. ರಬ್ಬರ್ ಸೀಲ್‌ಗಳ ಸಮಸ್ಯೆ ಬಗೆಹರಿಸದಿದ್ದರೆ ಭಾರೀ ದುರಂತ, ಪ್ರಾಣಹಾನಿ ಆಗುತ್ತದೆ ಅಂತಲೇ ಬರೆದಿದ್ದರು. ಆ ಕಾಗದದ ಮೇಲೆ ಕಂಪನಿಯ ಒಳಗಿನ ಬಳಕೆಗೆ ಮಾತ್ರ ಎಂಬ ಮುದ್ರೆ ಇತ್ತು. ಆರು ತಿಂಗಳಾಗುವಷ್ಟರಲ್ಲಿ, 1986ರ ಜನವರಿ 28ರಂದು, ಏಳು ಜನ ಸತ್ತರು. ಕೇಳಲು ಮನಸ್ಸಿಲ್ಲದವರ ಎದುರು ಎಷ್ಟು ಒಳ್ಳೆಯ ವಾಕ್ಯವೂ ಸೋಲುತ್ತದೆ. ಆದರೆ ಲಿಂಚ್‌ಬರ್ಗ್‌ನಲ್ಲಿ ಕೇಳೋಲ್ಲ ಅಂದವರು ಯಾರೂ ಇರಲಿಲ್ಲ ಅನ್ನುವುದು ನನ್ನ ಅನಿಸಿಕೆ. ಅಲ್ಲಿ ಮಾತು ಕಿವಿಗೆ ಬೀಳಲೇ ಇಲ್ಲ.

ಕೊಲಂಬಿಯಾದ ಕಥೆಯೂ ಇದಕ್ಕೆ ಹತ್ತಿರದ್ದು. ಕಲ್ಪನಾ ಚಾವ್ಲಾ ಇದ್ದ ಆ ನೌಕೆ 2003ರ ಜನವರಿಯಲ್ಲಿ ಹಾರಿದಾಗ ಫೋಮ್ ತುಂಡೊಂದು ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಮೇಲಿರುವಾಗಲೇ ಬೋಯಿಂಗ್ ಇಂಜಿನಿಯರುಗಳು ಪವರ್‌ಪಾಯಿಂಟ್ ಸ್ಲೈಡುಗಳಲ್ಲಿ ನಾಸಾಕ್ಕೆ ವಿಶ್ಲೇಷಣೆ ಕೊಟ್ಟರು. ಒಂದು ಸ್ಲೈಡಿನ ದಪ್ಪಕ್ಷರದ ತಲೆಬರಹ ಓದಿದರೆ ಪರೀಕ್ಷೆಗಳ ಪ್ರಕಾರ ಸುರಕ್ಷತೆಗೆ ಸಾಕಷ್ಟು ಅವಕಾಶ ಇದೆ ಅನ್ನಿಸುತ್ತದೆ. ಕಟ್ಟಕಡೆಯ ಸಾಲುಗಳಲ್ಲಿ, ಸಣ್ಣಕ್ಷರದಲ್ಲಿ, ಪರೀಕ್ಷೆಯಲ್ಲಿ ಬಳಸಿದ ತುಂಡು 3 ಘನ ಇಂಚು, ಈಗ ಬಡಿದದ್ದು 1920 ಘನ ಇಂಚು ಅಂತಿದೆ. 640 ಪಟ್ಟು! ಫೆಬ್ರವರಿ 1ರಂದು ನೌಕೆ ಹಿಂದಿರುಗುವಾಗ ಚೂರುಚೂರಾಯಿತು. ತನಿಖಾ ವರದಿ ಆ ಸ್ಲೈಡನ್ನೇ ಅಚ್ಚುಹಾಕಿ ಅದರ ತಪ್ಪುಗಳನ್ನು ತೋರಿಸಿದೆ.

ಹಾಗಾಗಿ ಟೀಮಿನವರು ಯಾವುದಾದರೂ ಡ್ರಾಫ್ಟ್ ತೋರಿಸಿದಾಗ ನಾನು ಅದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ‘ಆದರೂ’, ‘ಹವೆವರ್’, ‘ದಟ್ ಸೆಡ್’, ‘ಒನ್ ಮೋರ್ ಥಿಂಗ್’, ಇವುಗಳನ್ನು ಹುಡುಕುತ್ತೇನೆ. ಹತ್ತರಲ್ಲಿ ಆರು ಸಲ ನಿಜವಾದ ವಿಷಯ ಅದರ ಪಕ್ಕದಲ್ಲೇ ಕೂತಿರುತ್ತದೆ. ಈಚೆಗೆ ಒಬ್ಬ ಹುಡುಗಿ ತಂದ ಮೇಲ್ ಹದಿನೇಳು ಸಾಲಿತ್ತು. ಮೈಗ್ರೇಶನ್ ಎಷ್ಟು ಮುಗಿದಿದೆ, ಯಾರು ಯಾರು ಸಹಕರಿಸಿದರು, ಮುಂದಿನ ವಾರದ ಯೋಜನೆ ಏನು, ಎಲ್ಲ ಅಚ್ಚುಕಟ್ಟು. ಹದಿನಾಲ್ಕನೇ ಸಾಲಿನಲ್ಲಿ ‘ಹವೆವರ್’. ಅದರ ಮುಂದೆ, ಮೂರು ವಾರದಿಂದ ಗ್ರಾಹಕರ ಡೇಟಾ ಬ್ಯಾಕಪ್ ಆಗುತ್ತಿಲ್ಲ. ‘ಇದನ್ನ ಮೊದಲು ಹಾಕಿದ್ರೆ ಬೈತಾರೆ ಸರ್’ ಅಂದಳು. ಬೈತಾರೆ, ನಿಜ. ಆ ಸಾಲನ್ನು ಎತ್ತಿ ಸಬ್ಜೆಕ್ಟಿಗೆ ಹಾಕಿ, ಏಳು ಜನರ ಪಟ್ಟಿಯಲ್ಲಿ ಒಬ್ಬರ ಹೆಸರು ಉಳಿಸಿ ಕಳಿಸಿದೆವು. ಹತ್ತು ನಿಮಿಷದಲ್ಲಿ ಫೋನ್ ಬಂತು. ಬೈದರು. ಸಂಜೆಯೊಳಗೆ ಬ್ಯಾಕಪ್ ಶುರುವಾಯಿತು.